ಪಟ್ಟಿಗೆ ಹೊಸ ತೂತು

ಮನೆ ಸಾಮಾನು ಸಾಗಿಸುವ ಆ ತಂಡದಲ್ಲಿ ಹೊರುವ ಪಟ್ಟಿ ಯಾರ ಹೆಗಲ ಮೇಲಿದೆಯೋ ಅವನೇ ಯಜಮಾನ. ಕೈಯಗಲದ ಚರ್ಮದ ಪಟ್ಟಿ ಅದು. ಸಾಮಾನಿನ ಅಡಿಯಿಂದ ಬಂದು, ಹೆಗಲು ಹಾದು, ಎದೆಯ ಮೇಲೆ ಕೊಂಡಿಗೆ ಸಿಕ್ಕಬೇಕು. ಅದಕ್ಕಿದ್ದದ್ದು ಒಂದೇ ತೂತು. ಗುಡ್ಡ ಎಂದೇ ಹೆಸರಾದ ಯಜಮಾನನಿಗೆ ಪಟ್ಟಿ ತನ್ನ ಅಪ್ಪನಿಂದ ಬಂದಿತ್ತು. ಅಪ್ಪನೂ ಬಾಗಿಲಿಗೆ ತಲೆ ತಗ್ಗಿಸಿ ಬರುವ ಆಳೇ. ಪಟ್ಟಿಗೆ ತಕ್ಕ ಬೆನ್ನು ಬೇಕು ಎನ್ನುತ್ತಿದ್ದ ಆ ಮುದುಕ, ಅದಕ್ಕೆ ಚಾಕು ಮುಟ್ಟಿಸಲು ಯಾರನ್ನೂ ಬಿಟ್ಟಿರಲಿಲ್ಲ.

ಈಗ ಗುಡ್ಡನ ಮಂಡಿಗಳು ಕೈಕೊಟ್ಟಿದ್ದವು. ಪಟ್ಟಿ ಯಾರಿಗೆ ಎಂಬ ಮಾತು ಬಂದಾಗ ಎಲ್ಲರ ಕಣ್ಣೂ ಅವನ ಭಾವಮೈದನ ಮೇಲೆ ಬಿತ್ತು. ಬೀರುವಿನ ಪಕ್ಕ ನಿಂತರೆ ಯಾವುದು ಬೀರು ಎಂದು ಕೇಳಬೇಕು, ಅಂಥ ಮೈಕಟ್ಟು. ಆದರೆ ಮಗಳು ಚೋಟಿ ತನಗೇ ಬೇಕು ಎಂದು ಪಟ್ಟು ಹಿಡಿದಿದ್ದಳು. ಅಪ್ಪನ ಎದೆಮಟ್ಟಕ್ಕೂ ಬಾರದ ಹುಡುಗಿ. ತಂಡಕ್ಕೆ ಸೇರಿದಾಗಿನಿಂದ ಗಾಜಿನ ಲೋಟಗಳಿಗೆ ಕಾಗದ ಸುತ್ತುವುದೇ ಅವಳ ಪಾಲಿನ ಕೆಲಸ. ಕೊನೆಗೆ ಗುಡ್ಡ ಎಲ್ಲರೆದುರು ಮಾತು ಕೊಟ್ಟ: ಇವತ್ತು ಬಟ್ಟೆ ಒಗೆಯುವ ಮೆಷಿನ್ನನ್ನು ಮೂರನೇ ಮಹಡಿಗೆ ಹೊತ್ತರೆ ಪಟ್ಟಿ ಅವಳದು, ಇಲ್ಲದಿದ್ದರೆ ಅವಳ ಸೋದರಮಾವನದು.

ಲಿಫ್ಟ್ ಕೆಟ್ಟಿತ್ತು. ಚೋಟಿ ಪಟ್ಟಿ ತೊಟ್ಟು, ಮೆಷಿನ್ನಿಗೆ ಬೆನ್ನು ಕೊಟ್ಟು ಎದ್ದಳು. ನಾಲ್ಕಾರು ಮೆಟ್ಟಿಲು ಏರುವಷ್ಟರಲ್ಲಿ ಮೆಷಿನ್ ತೂಗಾಡಿ ಅವಳನ್ನು ಹಿಂದಕ್ಕೆಳೆಯಿತು. ಮಾವ ಹಿಂದಿನಿಂದ ತಡೆದು ಕೆಳಗಿಳಿಸಿದ.

"ಇರುವೆ ಸಕ್ಕರೆ ಹರಳು ಹೊರುತ್ತೆ ಚೋಟಿ, ಮೂಟೆ ಹೊರಲ್ಲ," ಎಂದ. ಉಳಿದವರು ನಕ್ಕರು. ಅವಳು ಕೊಂಡಿ ಬಿಚ್ಚಿದಳು. ಯಾರ ಮುಖವನ್ನೂ ನೋಡಲಿಲ್ಲ.

ಗುಡ್ಡ ನಗಲಿಲ್ಲ. ಅವನು ನೋಡುತ್ತಿದ್ದದ್ದು ಅವಳ ಕಾಲುಗಳನ್ನು. ಸೋತ ಕಾಲು ನಡುಗುತ್ತದೆ, ಅದು ಅವನಿಗೆ ಗೊತ್ತು. ಇವಳವು ಕಂಬದ ಹಾಗೆ ನಿಂತಿದ್ದವು. ಮೆಷಿನ್ನಿನ ಅಂಚು ಬಡಿದು ಅವಳ ಮೀನಖಂಡ ಮಾತ್ರ ಕೆಂಪಾಗಿತ್ತು. ತನ್ನ ಬೆನ್ನಿಗಾದರೆ ಮೆಷಿನ್ನಿನ ಅಡಿ ಸರಿಯಾಗಿ ಸೊಂಟದ ಮೇಲೆ ಕೂರುತ್ತದೆ. ಅದೇ ಅಳತೆಯ ಪಟ್ಟಿಯಲ್ಲಿ ಇವಳಿಗೆ ಮೊಣಕಾಲಿನ ಹಿಂದೆ ನೇತಾಡುತ್ತಿದೆ. ಅಪ್ಪನ ಅಂಗಿ ತೊಡಿಸಿ ತೋಳು ಉದ್ದವೆಂದು ಮಗುವನ್ನು ಬೈದಂತಾಯಿತಲ್ಲ ಎನಿಸಿ ಅವನಿಗೆ ನಾಚಿಕೆಯಾಯಿತು.

"ಸುತ್ತಿಗೆ, ದಪ್ಪ ಮೊಳೆ ತಾ," ಎಂದ.

ಮಾವನ ಮುಖ ಸಣ್ಣದಾಯಿತು. "ಭಾವ, ಅದು ದೊಡ್ಡವರ ಕಾಲದ್ದು."

"ಚರ್ಮ ತಾನೆ, ಕಲ್ಲಲ್ಲವಲ್ಲ."

ಮೆಟ್ಟಿಲ ಮೇಲೆ ಪಟ್ಟಿ ಹಾಸಿ, ಹಳೆಯ ತೂತಿನಿಂದ ಮೊಳಕ್ಕೂ ಮಿಕ್ಕಿ ಒಳಗೆ ಮೊಳೆಯಿಟ್ಟು ಹೊಡೆದ. ಮೊದಲ ಪೆಟ್ಟಿಗೆ ಕೈ ಸ್ವಲ್ಪ ತಡೆಯಿತು. ಆಮೇಲೆ ತಡೆಯಲಿಲ್ಲ.

ಚೋಟಿ ಮತ್ತೆ ಎದ್ದಾಗ ಮೆಷಿನ್ ಅವಳ ಸೊಂಟದ ಮೇಲೆ ಕೂತು ಬೆನ್ನಿಗಂಟಿತು. ಹಿಂದಿನಿಂದ ಅವಳು ಕಾಣಿಸಲೇ ಇಲ್ಲ. ಮೆಷಿನ್ನಿಗೇ ಕಾಲು ಬಂದು ಮಹಡಿ ಹತ್ತುತ್ತಿರುವಂತಿತ್ತು. ಗುಡ್ಡನಾದರೆ ಪಕ್ಕೆ ತರಚಿಕೊಳ್ಳದೆ ದಾಟಲಾಗದಂಥ ಇಕ್ಕಟ್ಟಿನ ತಿರುವಿನಲ್ಲಿ ಅವಳು ಬೆಕ್ಕಿನಂತೆ ಸುತ್ತಿಕೊಂಡು ಹೋಗಿ ಮೂರನೇ ಮಹಡಿ ಮುಟ್ಟಿದಳು. ಕಾವಲಿಗೆಂದು ಬರಿಗೈಲಿ ಹಿಂದೆ ಹೋಗಿದ್ದ ಮಾವ ಅಲ್ಲಿನ ಮೆಟ್ಟಿಲ ಕಟಕಟೆ ಹಿಡಿದು ಏದುಸಿರು ಬಿಡುತ್ತಿದ್ದ.

"ಇವಳಿಗೆ ಸುಸ್ತೇ ಆಗಲ್ವಾ ಭಾವ?" ಎಂದು ಮೇಲಿನಿಂದ ಕೇಳಿದ.

"ನೀನು ಮೊದಲು ನಿನ್ನನ್ನೇ ಹೊತ್ಕೊಂಡು ಹತ್ತಬೇಕು ಕಣೋ. ಅವಳಿಗೆ ಮೆಷಿನ್ ಒಂದೇ ಹೊರೆ," ಎಂದ ಗುಡ್ಡ. ತನ್ನ ಮಂಡಿಗಳು ಇಷ್ಟು ವರ್ಷ ಯಾರನ್ನು ಹೊತ್ತು ಸವೆದವು ಎಂಬುದು ಅವನಿಗೂ ಆಗಲೇ ಹೊಳೆದದ್ದು.

ಚೋಟಿ ಕೆಳಗಿಳಿದು ಬಂದು, ಪಟ್ಟಿ ಇನ್ನೂ ಅಪ್ಪನದೇ ಎಂಬಂತೆ ಅವನಿಗೆ ಒಪ್ಪಿಸಲು ಕೈ ಚಾಚಿದಳು. ಗುಡ್ಡ ಅದನ್ನು ಅಲ್ಲಿದ್ದ ಪೆಟ್ಟಿಗೆಯ ಅಡಿಗೆ ತೂರಿಸಿ, ಹೆಗಲ ಮೇಲೆ ತಂದು ಹೊಸ ತೂತಿಗೆ ಎಳೆದು ನೋಡಿದ. ಕೊಂಡಿ ಅದರ ಹತ್ತಿರಕ್ಕೂ ಬರಲಿಲ್ಲ. ಹಳೆಯ ತೂತು ಇದ್ದೇ ಇತ್ತು, ಅದರ ಕಡೆ ಅವನು ನೋಡಲಿಲ್ಲ.

"ನಂಗೆ ಇದು ಬಿಗಿ ಆಗುತ್ತಮ್ಮ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಪಟ್ಟಿಯನ್ನು ಅವಳ ಹೆಗಲಿಗೇ ಹಾಕಿದ. ಆಮೇಲೆ ಲಾರಿಯ ಹತ್ತಿರ ಹೋಗಿ, ಹಳೆಯ ಕಾಗದದ ಕಟ್ಟು ಎಳೆದುಕೊಂಡು, ಮುಂದಿನ ಮನೆಯ ಗಾಜಿನ ಲೋಟ ಸುತ್ತುವುದು ಹೇಗೆಂದು ಮಗಳನ್ನು ಕೇಳಿದ.

"ಮೆಲ್ಲಗೆ ಹಿಡಿಯಪ್ಪ," ಎಂದಳು ಹೊಸ ಯಜಮಾನಿ. "ನಿನ್ನ ಕೈ ದೊಡ್ಡದು."