ಬರೆದು ಕೊಡದ ಉತ್ತರ

ಮತ್ತೆ ಯಾರೋ ಈ ಕುರ್ಚಿಯನ್ನು ತಗ್ಗಿಸಿಟ್ಟು ಹೋಗಿದ್ದಾರೆ, ಮೇಜು ಎದೆಯವರೆಗೆ ಬರುತ್ತಿದೆ, ಹಿಡಿ ಎಲ್ಲಿದೆ, ಬಲಕ್ಕೋ ಎಡಕ್ಕೋ — ಇಪ್ಪತ್ತೆರಡು ವರ್ಷ ದುಡಿದವಳಿಗೆ ಈ ಆಫೀಸಿನಲ್ಲಿ ತನ್ನದು ಅಂತ ಒಂದು ಕುರ್ಚಿ ಇಲ್ಲ, ಮೊದಲು ಬಂದವರಿಗೆ ಕಿಟಕಿಯ ಪಕ್ಕ, ತಡವಾದವರಿಗೆ ಪ್ರಿಂಟರಿನ ಪಕ್ಕ, ಆದರೂ ಎಲ್ಲರೂ ವಾರಕ್ಕೆ ಐದು ದಿನ ಬರಲೇಬೇಕಂತೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೆಲಸ ಮಾಡಬೇಕಂತೆ. ಹಿಸ್ಕೆ ಗಡಿಯಾರ ನೋಡಿದಳು, ನಾಲ್ಕೂ ಇಪ್ಪತ್ತು, ಜುಲೈ ಮೂವತ್ತೊಂದು. ಇನ್ನು ನಲವತ್ತು ನಿಮಿಷ ಯಜಮಾನ ಗೆರ್ಲೋಫ್ ಸುಮ್ಮನಿದ್ದರೆ ಸಾಕು. ಐದಕ್ಕೆ ಅವನು ಕಾರಿನ ಹಿಂದೆ ಕಾರವಾನ್, ಆ ಗಾಲಿಮನೆ, ಕಟ್ಟಿಕೊಂಡು ಹೆಂಡತಿ ಜೊತೆ ಫ್ರಾನ್ಸಿಗೆ ಹೊರಡುತ್ತಾನೆ, ಹೊರಟ ಮೇಲೆ ಆಫೀಸಿನ ಪತ್ರ ಮುಟ್ಟುವ ಆಸಾಮಿಯಲ್ಲ, ಆಮೇಲೆ ಬ್ರಹ್ಮ ಬಂದರೂ ತಿದ್ದಲಾಗದು. ಹಾರ್ಲಿಂಗನ್ ಬಂದರಿನಿಂದ ಈಜಿಪ್ಟಿಗೆ ಹೋಗುವ ಬಿತ್ತನೆ ಆಲೂಗಡ್ಡೆಯ ಕಾಗದಗಳನ್ನೆಲ್ಲ ಮಾಡುವವಳು ಅವಳೇ, ಒಂದು ತಾರೀಖು ತಪ್ಪಿದರೆ ಇಡೀ ಹಡಗಿನ ಸರಕು ಅಲ್ಲೇ ಮೊಳಕೆ ಬಂದು ಕೊಳೆಯುತ್ತದೆ, ತಾರೀಖು ಅಂದರೆ ಏನು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಗೆರ್ಲೋಫ್‌ಗೆ ಹೇಳಿಕೊಡಬೇಕು. ಇಷ್ಟು ವರ್ಷ ಹೇಳಿಕೊಟ್ಟಿದ್ದೂ ಅವಳೇ, ಇದಕ್ಕೆ ಸಹಿ ಹಾಕು, ಇದು ನಾಳೆಗೆ ಕೊನೆ, ಇದು ನೆನಪಿದೆಯಾ — ಈ ಸಲ ಮಾತ್ರ ಹೇಳುವುದಿಲ್ಲ, ನಾಲಿಗೆ ಕಚ್ಚಿಕೊಂಡಾದರೂ ಹೇಳುವುದಿಲ್ಲ.

ಜೂನ್ ಹನ್ನೆರಡಕ್ಕೆ ಅರ್ಜಿ ಕೊಟ್ಟಿದ್ದಳು, ಸೆಪ್ಟೆಂಬರ್ ಒಂದರಿಂದ ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ, ಸಹಿ, ತಾರೀಖು, ಒಂದು ಪ್ರತಿ ತನಗೆ. ಎರಡು ದಿನ ಬಿಟ್ಟು ಅವಳ ಹುಟ್ಟುಹಬ್ಬ, ಇಲ್ಲಿನ ಪದ್ಧತಿ, ಹುಟ್ಟುಹಬ್ಬದವರೇ ಕೇಕ್ ತಂದು ಎಲ್ಲರಿಗೂ ಹಂಚಬೇಕು, ಉಳಿದವರು ಅವಳಿಗೂ ಅಭಿನಂದನೆ, ಪಕ್ಕದವರಿಗೂ ಅಭಿನಂದನೆ ಅಂತ ಕೈ ಕುಲುಕುತ್ತ ಸುತ್ತಬೇಕು. ಗೆರ್ಲೋಫ್ ಎರಡನೇ ತುಂಡಿಗೆ ಕೈ ಹಾಕಿ, ಕಾಫಿ ಯಂತ್ರಕ್ಕೆ ಒರಗಿ, ಬಾಯಿ ತುಂಬಿಕೊಂಡೇ ಹೇಳಿದ, ಹಿಸ್ಕೆ, ನಿನ್ ಅರ್ಜಿ ನೋಡ್ದೆ ಕಣೇ, ಅದೆಲ್ಲ ಆಗಲ್ಲ, ಒಬ್ಬಳಿಗೆ ಕೊಟ್ರೆ ನಲವತ್ತು ಜನ ಬಂದು ನಿಲ್ತಾರೆ, ಸರಿ ಅಲ್ವಾ, ಕೇಕ್ ಮಾತ್ರ ಬೊಂಬಾಟಾಗಿದೆ. ಅಷ್ಟೇ. ಇಲ್ಲಿ ಎಲ್ಲರಿಗೂ ಏಕವಚನ, ಯಜಮಾನನಿಗೂ ಏಕವಚನ, ಎಲ್ಲ ತೀರ್ಮಾನವೂ ಕಾಫಿ ಲೋಟ ಹಿಡಿದುಕೊಂಡು, ಏಕವಚನದಲ್ಲೇ ಕತ್ತು ಕುಯ್ಯುವುದು, ಕಾಗದ ಯಾಕೆ, ನಾವೇನು ಪರಕೀಯರಾ. ಅವನ ಅಪ್ಪನ ಕಾಲದಲ್ಲಿ ಅದು ನಡೆಯುತ್ತಿತ್ತು. ಆಮೇಲೆ ಕಾನೂನು ಬದಲಾಯಿತು, ಕೆಲಸದ ಜಾಗ ಬದಲಿಸಿ ಅಂತ ಕೇಳುವ ಹಕ್ಕೂ ಬಂತು, ಬದಲಾವಣೆ ಶುರುವಾಗಬೇಕಾದ ದಿನಕ್ಕೆ ಒಂದು ತಿಂಗಳು ಮೊದಲು, ಅಂದರೆ ಇವತ್ತಿನೊಳಗೆ, ಯಜಮಾನ ಬರವಣಿಗೆಯಲ್ಲಿ, ಕಾರಣ ಕೊಟ್ಟು, ಇಲ್ಲ ಅನ್ನಬೇಕು, ಅನ್ನದಿದ್ದರೆ ಕೇಳಿದ್ದು ಕೇಳಿದ ಹಾಗೇ ಸಿಕ್ಕಂತೆ. ಬಾಯಲ್ಲಿ ಕೇಕ್ ಇಟ್ಟುಕೊಂಡು ಹೇಳಿದ್ದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಆ ಪುಟವನ್ನು ಅವಳು ಎಷ್ಟು ಸಲ ಓದಿದ್ದಾಳೆ, ಬಸ್ಸಿನಲ್ಲಿ, ಬಚ್ಚಲಲ್ಲಿ, ಗಂಡ ವೀಬ್ರೆನ್‌ಗೆ ಊಟ ಮಾಡಿಸುತ್ತ, ಅವನು ತಟ್ಟೆ ನೋಡಿ ಇದು ಯಾರದು ಅಂದಾಗ ನಿಂದೇ ತಿನ್ನು ಮಾರಾಯ ಅನ್ನುತ್ತ. ಅರವತ್ತೊಂದಕ್ಕೇ ಅವನ ನೆನಪು ಸೋರಿಹೋಗುತ್ತಿದೆ. ಪಕ್ಕದ ಮನೆಯ ಫ್ರೌಕ್ಯೆ ಹಗಲು ನೋಡಿಕೊಳ್ಳುತ್ತಾಳೆ, ಆಗಸ್ಟ್ ಮುಗಿದರೆ ಅವಳೂ ಮಗಳ ಊರಿಗೆ ಹೊರಟಳು, ಆಮೇಲೆ ಬೀಗ ಹಾಕಿದ ಬಾಗಿಲಿನ ಆ ಆರೈಕೆ ಮನೆ, ಕಾರಿಡಾರಿನಲ್ಲಿ ಬೇಯಿಸಿದ ಕೋಸಿನ ವಾಸನೆ, ನೋಡಿ ಬಂದಿದ್ದಾಳೆ, ಅಲ್ಲಿಗೆ ಅವನನ್ನು ಕಳಿಸುವುದಿಲ್ಲ.

ಆದರೆ ಅದೊಂದಕ್ಕೇ ಇಷ್ಟು ಸಿಟ್ಟು ಬರುತ್ತಿರಲಿಲ್ಲ, ಕೇಳಿದ್ದು ಕೊಡದ ಯಜಮಾನರು ಊರ ತುಂಬ ಇದ್ದಾರೆ, ಮೇ ತಿಂಗಳ ಆ ಮಂಗಳವಾರ ಇಲ್ಲದಿದ್ದರೆ ಇವತ್ತು ಬಾಯಿಬಿಟ್ಟು ಹೇಳುತ್ತಿದ್ದಳೇನೋ. ಮನೆಯಿಂದ ಕೆಲಸ ನಿಂತು ಎಲ್ಲರೂ ಆಫೀಸಿಗೆ ಮರಳಿದ ಮೊದಲ ವಾರ, ಗೆರ್ಲೋಫ್ ಎಲ್ಲರನ್ನೂ ಕೋಣೆಯಲ್ಲಿ ಕೂರಿಸಿ ಒಗ್ಗಟ್ಟಿನ ಬಗ್ಗೆ ಭಾಷಣ ಮಾಡುತ್ತಿದ್ದ, ಫೋನುಗಳೆಲ್ಲ ಬಾಗಿಲ ಬಳಿಯ ಬುಟ್ಟಿಯಲ್ಲಿ. ಫ್ರೌಕ್ಯೆ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ವೀಬ್ರೆನ್ ಮನೆಯಲ್ಲಿಲ್ಲ, ಆಫೀಸಿನ ನಂಬರಿಗೆ ಮೂರು ಸಲ ಫೋನ್ ಮಾಡಿದಳು, ಮೂರು ಸಲವೂ ಎದ್ದು ಹೋಗಿ ಎತ್ತಿಕೊಂಡವನು ಗೆರ್ಲೋಫ್, ಮೂರು ಸಲವೂ ಬಂದು ಕೂತು ಭಾಷಣ ಮುಂದುವರಿಸಿದ. ಊಟದ ಹೊತ್ತಿಗೆ ಹೇಳಿದ, ಹೌದು, ನಿನ್ ಗಂಡ ಎಲ್ಲೋ ಹೋಗಿದಾನಂತೆ, ಮಧ್ಯದಲ್ಲಿ ಎಬ್ಬಿಸೋದು ಬೇಡ ಅಂತ ಬಿಟ್ಟೆ, ದೊಡ್ಡ ಮನುಷ್ಯ ಅಲ್ವಾ, ಕಾಲುವೆಗೇನು ಬೀಳ್ತಾನಾ. ಪಕ್ಕದವರು ನಕ್ಕರು. ಅವಳು ಟ್ಯಾಕ್ಸಿ ಹಿಡಿದು ಮನೆಯಿರುವ ಫ್ರಾನೆಕರ್‌ಗೆ ಓಡಿದಾಗ ಮಳೆ, ದೋಣಿ ಬಂದಾಗ ಮೇಲೆತ್ತುವ ಸೇತುವೆಯ ನಟ್ಟನಡುವೆ ವೀಬ್ರೆನ್, ಅವಳ ಹಳದಿ ಮಳೆಯಂಗಿ ಹಾಕಿಕೊಂಡಿದ್ದ, ತೋಳು ಮೊಣಕೈಗೇ ನಿಂತುಬಿಟ್ಟಿತ್ತು, ಗುಂಡಿಗಳೆಲ್ಲ ಒಂದೊಂದು ಕಾಜಾ ಮೇಲಕ್ಕೆ ಸರಿದಿದ್ದವು, ಎರಡು ಗಂಟೆ ಹೊತ್ತಿನಿಂದ ನಿಂತಿದ್ದಾನೆ ಅಂದ ಸೇತುವೆಯ ಕಾವಲಿನವ, ಹೆಂಡತಿ ಬರ್ತಾಳೆ, ಅವಳಿಗೆ ಅಂಗಿ ತಂದಿದೀನಿ ಅಂತಾನೆ, ಕೊಡ್ಲಿಕ್ಕೆ ಒಪ್ಪಲ್ಲ. ತುಟಿ ನೀಲಿಯಾಗಿತ್ತು. ಬಂದ್ಯಾ, ಅಂದ. ಆ ದಿನದಿಂದ ಅವಳ ಹೊಟ್ಟೆಯಲ್ಲಿ ಉರಿಯುತ್ತಿರುವುದು ಆರಿಲ್ಲ, ಆರುವುದೂ ಬೇಡ.

ನಾಲ್ಕೂ ಐವತ್ತು, ಬಾಗಿಲು, ಅವನೇ, ಅರ್ಧ ಚಡ್ಡಿಯಲ್ಲಿ, ತಲೆಯ ಮೇಲೆ ಕಪ್ಪು ಕನ್ನಡಕ, ನೇರ ಇತ್ತಲೇ ಬರುತ್ತಿದ್ದಾನೆ, ಬರಬೇಡ, ಬರಬೇಡ. ಹಿಸ್ಕೆ, ನಾನಿನ್ನು ಹೊರಟೆ, ಸಹಿ ಹಾಕೋದು ಏನಾದ್ರೂ ಉಳಿದಿದ್ಯಾ. ಇಲ್ಲ, ಅಂದಳು, ಎಲ್ಲ ಆಗಿದೆ. ಅವನು ಹೋಗಲಿಲ್ಲ, ಮೇಜಿನ ಮೇಲೆ ಗೆಣ್ಣಿನಿಂದ ಕುಟ್ಟುತ್ತ ನಿಂತ, ಗಡಿಯಾರದ ಮುಳ್ಳು ಅಲ್ಲೇ ಅಂಟಿಕೊಂಡಿತು. ನಿನ್ ಆ ಮನೆ ವಿಷ್ಯ ಇತ್ತಲ್ಲ, ಬೇಜಾರೇನಿಲ್ಲ ತಾನೆ. ಬೇಜಾರ್ಯಾಕೆ, ಅವತ್ತೇ ಹೇಳಿದ್ಯಲ್ಲ. ಅಲ್ಲ, ಹೆಂಡ್ತಿ ಅಂದ್ಲು, ಈಗೆಲ್ಲ ಹೊಸ ಹೊಸ ಕಾನೂನು, ಬರೆದು ಕೊಟ್ರೆ ಒಳ್ಳೇದು ಅಂತ, ಎರಡು ಸಾಲು ಗೀಚಿ ಕೊಟ್ಟುಬಿಡ್ಲಾ — ಅವನ ಕೈ ಆಗಲೇ ಅವಳ ಪೆನ್ನಿನ ಹತ್ತಿರ ಬಂದಿತ್ತು, ಎರಡು ಸಾಲು, ಒಂದು ಸಹಿ, ಆರೈಕೆ ಮನೆಯ ಬಾಗಿಲು, ಕೋಸಿನ ವಾಸನೆ. ಅವಳು ಪೆನ್ನನ್ನು ಎತ್ತಿಕೊಂಡು ಮುಚ್ಚಳ ಹಾಕಿದಳು, ನಕ್ಕಳು ಕೂಡ, ಆ ನಗು ಎಲ್ಲಿಂದ ಬಂತೋ, ಅಯ್ಯೋ ಹೋಗೋ ಮಾರಾಯ, ನಮ್ಮನಮ್ಮಲ್ಲಿ ಕಾಗದ ಯಾಕೆ, ಪರಕೀಯರಾ ನಾವು, ಹೆಂಡ್ತಿ ಕಾರಲ್ಲಿ ಕಾಯ್ತಿರ್ತಾಳೆ, ಹೊರಡು. ಅವನ ಮುಖ ಅರಳಿತು, ಇಡೀ ಆಫೀಸಲ್ಲಿ ನಿನ್ನಂಥವಳು ಇನ್ನೊಬ್ಬಳಿಲ್ಲ ಕಣೇ, ನೀನಿದ್ರೆ ನಂಗೆ ಯೋಚ್ನೆನೇ ಇಲ್ಲ. ಹೌದು, ಯೋಚನೆ ಬೇಡ, ಸೆಪ್ಟೆಂಬರ್ ಒಂದಕ್ಕೆ ಬಿಸಿಲಿನ ಕಂದುಬಣ್ಣ ಬಳಿದುಕೊಂಡು ಬಂದು ಕೂರುತ್ತೀಯಲ್ಲ, ಹಿಸ್ಕೆ ಎಲ್ಲಿ ಅಂತ ಕೇಳುತ್ತೀಯಲ್ಲ, ಆಗ ಒಂದೇ ಪತ್ರ ಬರುತ್ತದೆ, ಅರ್ಜಿಯ ಪ್ರತಿ, ಕಾನೂನಿನ ಪುಟ, ಕೆಳಗೆ ವಕೀಲರ ಹೆಸರು, ಲೋಟಗಟ್ಟಲೆ ನೀರು ಕುಡಿಯುತ್ತೀಯ, ಮೂರು ಸಲ ಫೋನ್ ಮಾಡುತ್ತೀಯ, ಮೂರು ಸಲವೂ ನಾನು ಎತ್ತುವುದಿಲ್ಲ. ಹೊಟ್ಟೆ ತಣ್ಣಗಾಗುತ್ತಿದೆ, ಆಗಲಿ, ಇನ್ನೂ ಆಗಲಿ. ಅವನು ಬಾಗಿಲ ಬಳಿ ತಿರುಗಿ ಕೈ ಎತ್ತಿದ. ವೀಬ್ರೆನ್‌ಗೆ ಕೇಳ್ದೆ ಅಂತ ಹೇಳು, ಪಾಪ, ಈಗ ಹುಷಾರಾಗಿದಾನಾ.

ಹುಷಾರಾಗಿದಾನೆ, ಅಂದಳು. ಕಾರು ಹೊರಟಿತು, ಹಿಂದೆ ಬಿಳಿಯ ಕಾರವಾನ್, ಗೇಟು ದಾಟಿತು, ಐದಾಯಿತು, ಗೆದ್ದಳು, ಎದ್ದು ಚೀಲ ತೆಗೆದುಕೊಳ್ಳಬೇಕು, ಐದೂ ಹತ್ತರ ಬಸ್ಸು — ಕಣ್ಣ ಮುಂದೆ ಮತ್ತೆ ಆ ಮಂಗಳವಾರದ ಮಳೆ, ಸೇತುವೆ, ಹಳದಿ ಅಂಗಿ, ತೋಳು ಮೊಣಕೈವರೆಗೆ, ಅವಳು ಗುಂಡಿ ಬಿಚ್ಚಿ ಸರಿಯಾಗಿ ಹಾಕಲು ಹೋಗುತ್ತಾಳೆ, ಬಂದ್ಯಾ ಅಂದವನೇ ಎರಡೂ ಕೈಯಿಂದ ಅಂಗಿಯನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿಯುತ್ತಾನೆ, ಬೇಡ, ಇದು ನನ್ನ ಹೆಂಡತಿದು, ಇದು ನನ್ನ ಹೆಂಡತಿದು.