ಭಾನುವಾರದ ಸ್ಕ್ಯಾನ್

ಸಭೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಹಿಲ್ಕಾ ಗಂಡ ಓಯ್ವಾನ ಗಲ್ಲ ಒರೆಸಿ, ಅಂಗಿಯ ಮೇಲಿನ ಗುಂಡಿ ಹಾಕಿದಳು. ಅವನ ಬಲಗೈ ತೊಡೆಯ ಮೇಲೆ ಬಿದ್ದುಕೊಂಡಿತ್ತು. ಮೂವತ್ತು ವರ್ಷ ದಿಮ್ಮಿ ಲಾರಿ ಓಡಿಸಿದ ಕೈ. ಈಗ ಎಲ್ಲಿಟ್ಟರೆ ಅಲ್ಲೇ ಇರುತ್ತದೆ.

“ಮಾತಾಡೋಕೆ ಮೂರು ನಿಮಿಷ ಕೊಟ್ಟಿದಾರೆ,” ಎಂದಳು ತಾಯ್ಮಿ. ಅವಳು ನಿವೃತ್ತ ನರ್ಸು, ಪಕ್ಕದ ಮನೆಯವಳು. ಊರಿನ ಆಸ್ಪತ್ರೆಯ ಸೇವೆ ಉಳಿಸಿ ಎಂದು ಇಬ್ಬರೂ ಸೇರಿ ಎರಡು ವರ್ಷದಿಂದ ಸಹಿ ಸಂಗ್ರಹಿಸುತ್ತಿದ್ದರು. “ಅಳಬೇಡ. ಅತ್ರೆ ಕಾಫಿ ಕೊಟ್ಟು ಸಾಗಹಾಕ್ತಾರೆ.”

“ಅಳದೆ ಇದ್ರೂ ಅದನ್ನೇ ಮಾಡ್ತಾರೆ ಕಣೆ.”

ಊರಿನ ಸಣ್ಣ ಆಸ್ಪತ್ರೆಯಲ್ಲಿ ವಾರದ ಏಳೂ ದಿನ ತಲೆಯ ಸ್ಕ್ಯಾನ್ ಆಗುತ್ತಿತ್ತು. ಇನ್ನು ಮುಂದೆ ಶನಿವಾರ, ಭಾನುವಾರ ಬೇಡವೆಂಬ ಪ್ರಸ್ತಾಪ ಅಂದು ಆರೋಗ್ಯ ಮಂಡಳಿಯ ಮುಂದಿತ್ತು. ಪಾರ್ಶ್ವವಾಯು ಬಡಿದವರಿಗೆ ಸ್ಕ್ಯಾನ್ ಮಾಡದೆ ಹೆಪ್ಪು ಕರಗಿಸುವ ಮದ್ದು ಕೊಡುವ ಹಾಗಿಲ್ಲ. ಅದನ್ನೂ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಇದು ಬಿಟ್ಟರೆ ಇನ್ನೊಂದು ಆಸ್ಪತ್ರೆ ನೂರ ಎಂಬತ್ತು ಕಿಲೋಮೀಟರ್ ದೂರ, ಅದೂ ಹಿಮದ ದಾರಿ.

ಒಳಗೆ ಓಯ್ವಾನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿದ ಹಿಲ್ಕಾ, ಬರೆದು ತಂದ ಕಾಗದ ನೋಡಲೇ ಇಲ್ಲ.

“ಎರಡು ವರ್ಷದ ಹಿಂದೆ ಒಂದು ಭಾನುವಾರ ಇವನ ಕೈ ಜೋಮು ಹಿಡೀತು. ಬೆವರು ಹರಿದ್ರೆ ಸರಿಹೋಗುತ್ತೆ ಅಂತ ಸೌನಾ ಕೋಣೆ ಕಾಯಿಸಿ ಆ ಬಿಸಿಹಬೆಯೊಳಗೆ ಕೂತ. ಆಚೆ ಬಂದಾಗ ಮಾತು ತೊದಲ್ತಿತ್ತು. ರಜಾ ದಿನ ಡಾಕ್ಟರಿಗೆ ಯಾಕೆ ತೊಂದ್ರೆ, ನಾಳೆ ಹೋಗೋಣ ಅಂದಿದ್ದು ನಾನೇ. ಆಸ್ಪತ್ರೆ ಹತ್ತು ನಿಮಿಷದ ದಾರಿ. ಸ್ಕ್ಯಾನೂ ಇತ್ತು, ಡಾಕ್ಟರೂ ಇದ್ರು. ನಾವು ಹೋಗ್ಲಿಲ್ಲ. ಈಗ ಹಳ್ಳಿ ಹಳ್ಳಿಗೆ ಹೋಗಿ ಇದರ ಗುರುತು ಹೇಳ್ಕೊಡ್ತಿದೀನಿ. ಜನ ಕಲೀತಿದಾರೆ. ಕಲಿಯೋವರೆಗಾದ್ರೂ ಬಾಗಿಲು ತೆಗೆದಿಡಿ.”

ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಹಿಲ್ಕಾ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದಾಗ ಅವಳ ಕೈಯ ಬಟಾಣಿ ಸಾರು ಉಂಡು ಬೆಳೆದವಳು.

“ಹಿಲ್ಕಾ, ನೀವು ಹೇಳಿದ್ದೇ ನಮ್ಮ ಕಷ್ಟಾನೂ, ಜನ ಬರೋದೇ ಇಲ್ಲ. ಹೋದ ವರ್ಷ ಶನಿವಾರ, ಭಾನುವಾರಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದವರು ನಾಲ್ಕೇ ಜನ. ಅಷ್ಟಕ್ಕೆ ಡಾಕ್ಟರನ್ನ ಎಲ್ಲಿಂದ ಹಿಡಿದು ತರ್ಲಿ?”

“ಬರದೆ ಮನೇಲಿ ಕೂತವ್ರನ್ನ ಎಣಿಸಿದೀರಾ?” ತಾಯ್ಮಿ ಕೂತಲ್ಲಿಂದಲೇ ಕೇಳಿದಳು.

“ಅವರನ್ನ ಹೇಗೆ ಎಣಿಸೋದು ತಾಯ್ಮಿ?” ಅಧ್ಯಕ್ಷೆಯ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಹಿಲ್ಕಾಗೆ ಎದುರು ನಿಲ್ಲುವುದು ಸುಲಭವಾಗುತ್ತಿತ್ತು. “ಸರಿ. ಪ್ರಸ್ತಾಪಕ್ಕೆ ಎಲ್ಲರ ಒಪ್ಪಿಗೆ ಇದೆಯಾ?”

“ಹೂಂ,” ಎಂದ ಓಯ್ವಾ.

ಯಾರೋ ನಕ್ಕು, ಕೆಮ್ಮಿದಂತೆ ನಟಿಸಿದರು. ಹಿಲ್ಕಾ ಗಂಡನ ಮೊಣಕಾಲ ಮೇಲೆ ಕೈಯಿಟ್ಟಳು. “ಅವನಿಗೆ ಉಳಿದಿರೋದು ಅದೊಂದೇ ಮಾತು. ಬರ್ಕೋಬೇಡಿ.”

ಪ್ರಸ್ತಾಪದ ಪರ ಒಂಬತ್ತು ಕೈ ಎದ್ದವು, ವಿರುದ್ಧ ಎರಡು. ಆಮೇಲೆ ಕಾಫಿ ಕೊಟ್ಟರು.

“ಹೆಲ್ಸಿಂಕಿಗೆ ಬರೆಯೋಣ, ಮಂತ್ರಿಗೇ,” ಎಂದಳು ತಾಯ್ಮಿ ಕಾರಿನಲ್ಲಿ. ಸ್ವಲ್ಪ ದೂರ ಹೋದ ಮೇಲೆ, “ಇವತ್ತಿನ ಪಾಠ ರದ್ದು ಮಾಡ್ಲಾ?”

“ಬೇಡ. ಪಾಪ, ಕೇಕ್ ಮಾಡಿಟ್ಟಿರ್ತಾರೆ.”

ಚರ್ಚಿನ ಸಭಾಂಗಣದಲ್ಲಿ ಹದಿನಾಲ್ಕು ಜನ ಕಾದಿದ್ದರು. ಹಿಲ್ಕಾ ಎಂದಿನಂತೆ ಎಲ್ಲರಿಂದಲೂ ಹೇಳಿಸಿದಳು: ಮುಖ ಸೊಟ್ಟಗಾಯಿತೇ, ಕೈ ಜೋತುಬಿತ್ತೇ, ಮಾತು ತೊದಲಿತೇ, ಫೋನ್ ಮಾಡಿ. ಮುಂದಿನ ಸಾಲಿನ ಆರ್ಮಸ್ ಅಜ್ಜ ಒಂದೂ ಪಾಠ ತಪ್ಪಿಸಿದವರಲ್ಲ. ಅವರು ಕೈಯೆತ್ತಿದರು.

“ಸುದ್ದಿ ಕೇಳ್ದೆ ಹಿಲ್ಕಾ. ಇನ್ಮೇಲೆ ಭಾನುವಾರ ಹೀಗಾದ್ರೆ ಏನ್ಮಾಡ್ಬೇಕು?”

“ಆವಾಗ್ಲೂ ಫೋನ್ ಮಾಡಿ. ತಕ್ಷಣ.”

“ದೊಡ್ಡೂರಿಗೆ ಒಯ್ತಾರೆ, ಅಲ್ವಾ?”

“ಹೌದು.”

“ಹೋಗಿ ಬರೋಕೆ ಐದು ಗಂಟೆ. ನಮ್ಗಿರೋದು ಒಂದೇ ಆಂಬುಲೆನ್ಸು.” ಅವರು ನಿಧಾನವಾಗಿ ಯೋಚಿಸಿದರು. “ನನ್ನ ಒಂದು ಕೈಗೋಸ್ಕರ ಅದು ಅಷ್ಟು ಹೊತ್ತು ಊರು ಬಿಟ್ಟು ಹೋದ್ರೆ, ಅಷ್ಟರಲ್ಲಿ ಯಾರದೋ ಮಗೂಗೆ ಉಸಿರು ಕಟ್ಟಿದ್ರೆ? ಸೋಮವಾರದವರೆಗೆ ನೋಡೋದೇ ಸರಿ.”

ಸುತ್ತ ಕೂತವರು ತಲೆಯಾಡಿಸಿದರು. ಒಳ್ಳೆಯ ಮನುಷ್ಯ ಆಡುವ ಮಾತೇ ಅದು. ಆ ಕೋಣೆಯಲ್ಲಿದ್ದ ಯಾರೇ ಆದರೂ ಅದನ್ನೇ ಹೇಳುತ್ತಿದ್ದರು.

“ಬೇಡ ಅಜ್ಜ, ಕಾಯಬೇಡಿ,” ಎಂದಳು ಹಿಲ್ಕಾ. “ಅಷ್ಟರಲ್ಲಿ ಕೈ ಹೋಗಿರುತ್ತೆ. ಮಾತು ಹೋಗಿರುತ್ತೆ.”

“ಹೋದ್ರೆ ನಂದು ತಾನೆ ಹೋಗೋದು.” ಅವಳ ಮುಖ ಬಾಡಿದ್ದು ಕಂಡು ಅವರಿಗೆ ಸಂಕಟವಾಯಿತು. ಸಮಾಧಾನ ಮಾಡಲೆಂದು ಎರಡೂ ಕೈಗಳನ್ನು, ಪಾರ್ಶ್ವವಾಯು ಪರೀಕ್ಷಿಸಲು ಅವಳು ಕಲಿಸಿದ ಹಾಗೆಯೇ, ನೇರ ಮುಂದಕ್ಕೆ ಚಾಚಿ, ಹಲ್ಲು ಕಾಣುವಂತೆ ನಕ್ಕರು. “ನೋಡು, ಎಲ್ಲಾ ಸರಿಯಾಗಿ ಕಲ್ತಿದೀನಿ.”

“ಹೌದು, ಕಲ್ತಿದೀರಿ,” ಎಂದಳು ಹಿಲ್ಕಾ. ಹತ್ತಿರ ಹೋಗಿ ಅವರ ಎರಡೂ ಕೈಗಳನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.