ಹೆಂಗಸರ ಪಂಕ್ತಿಯ ಮಜ್ಜಿಗೆ

ಕ್ಯಾತ್ಸಂದ್ರದ ಪರಮಶಿವಯ್ಯನವರು ಮೂವತ್ತೊಂದು ವರ್ಷದಿಂದ ಮದುವೆ ಅಡುಗೆ ಮಾಡಿಕೊಂಡು ಬಂದವರು. ಉಂಡವರು ಎಲೆಯಲ್ಲಿ ಏನು ಬಿಟ್ಟು ಎದ್ದರು ಎಂಬುದನ್ನು ನೋಡಿಕೊಂಡೇ ಅವರು ಮರುದಿನದ ಉಪ್ಪು ಹುಳಿ ತಿದ್ದುವುದು. ಹಾಗಾಗಿ ನೆರೆ ಸಂತ್ರಸ್ತರ ಕಾಳಜಿ ಕೇಂದ್ರದ ಮೂರನೆಯ ದಿನ, ಹೆಂಗಸರ ಪಂಕ್ತಿಗೆ ಕಳಿಸಿದ ಮಜ್ಜಿಗೆ ಡ್ರಮ್ಮು ಮುಕ್ಕಾಲು ಪಾಲು ಹಾಗೇ ವಾಪಸು ಬಂದಾಗ ಅವರಿಗೆ ಸುಮ್ಮನಿರಲು ಆಗಲಿಲ್ಲ.

ಕೊರೋನಾ ಮುಗಿಯಿತಲ್ಲ ಎಂದು ಜನ ನಿಟ್ಟುಸಿರು ಬಿಟ್ಟ ವರ್ಷದ ಅಕ್ಟೋಬರ್ ಅದು. ಗುಬ್ಬಿ ತಾಲ್ಲೂಕಿನ ಕೆರೆಗಳೆಲ್ಲ ಕೋಡಿ ಬಿದ್ದಿದ್ದವು. ಹೊಸಕಟ್ಟೆಪಾಳ್ಯ ಎಂಬ ಊರಿನ ಕೆರೆಯ ಏರಿಯೇ ಕುಸಿದು ಮನೆಗಳಿಗೆ ನೀರು ನುಗ್ಗಿತ್ತು. ಐವತ್ತೆಂಟು ಮನೆಯವರನ್ನು ಕರೆತಂದು ನಿಟ್ಟೂರು ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ ಇಳಿಸಿದ್ದರು. ಉಸ್ತುವಾರಿ ಗ್ರಾಮಲೆಕ್ಕಿಗ ರವೀಶನದು. ಅಡುಗೆಗೆ ಪರಮಶಿವಯ್ಯನವರನ್ನು ಕರೆಸಿದವನೂ ಅವನೇ.

ಮಜ್ಜಿಗೆ ಹುಳಿಯಾಗಿರಬಹುದು ಅಂತ ಮೊದಲು ಅನ್ನಿಸಿತು. ಒಂದು ಲೋಟ ಕುಡಿದು ನೋಡಿದರು. ಹುಳಿ ಇರಲಿಲ್ಲ. ಆದರೂ ಮರುದಿನ ಮೆಣಸಿನಕಾಯಿ ಕಡಿಮೆ ಮಾಡಿ, ಶುಂಠಿ ಜಜ್ಜಿ, ಕೊತ್ತಂಬರಿ ಸೊಪ್ಪು ಹಾಕಿ ಕಳಿಸಿದರು. ಗಂಡಸರ ಡ್ರಮ್ಮು ಬರಿದಾಯಿತು. ಹೆಂಗಸರದು ಮತ್ತೆ ಹಾಗೇ ಬಂತು. ಸಂಜೆಯ ಕಾಫಿಯನ್ನು ಗಮನಿಸಿದರು. ಹೆಂಗಸರು ಲೋಟ ಮುಟ್ಟಲಿಲ್ಲ. ನೀರಿನ ಜಗ್ಗುಗಳೂ ತುಂಬಿದಂತೆಯೇ ಇದ್ದವು.

ಕೇಂದ್ರದ ಏಳೆಂಟು ಹೆಂಗಸರು ದಿನವೂ ತರಕಾರಿ ಹೆಚ್ಚಲು ಉಗ್ರಾಣಕ್ಕೆ ಬರುತ್ತಿದ್ದರು. ಅವರಲ್ಲಿ ಹಿರಿಯಳಾದ ಬಸವಲಿಂಗಮ್ಮನನ್ನು ಕೇಳಿದರು: "ಯಾಕವ್ವಾ, ನೀವ್ಯಾರೂ ಮಜ್ಜಿಗೆ ಕುಡಿಯಲ್ವಲ್ಲ? ನನ್ ಕೈ ಸರಿ ಇಲ್ವಾ?"

"ಅಯ್ಯೋ, ನಿಮ್ ಕೈಗೇನಾಗೈತೆ ಸ್ವಾಮಿ. ಮಳೆ ಹಿಡ್ಕಂಡೈತಲ್ಲ, ಬಾಯಾರಿಕೆನೇ ಆಗಲ್ಲ," ಎಂದಳು ಬಸವಲಿಂಗಮ್ಮ. ಉಳಿದ ಹೆಂಗಸರು ತಲೆ ಎತ್ತದೆ ಹುರುಳಿಕಾಯಿ ಮುರಿಯುತ್ತಿದ್ದರು.

ಗಂಡಸರಿಗೆ ಆಗುವ ಬಾಯಾರಿಕೆ ಹೆಂಗಸರಿಗೆ ಯಾಕೆ ಆಗುವುದಿಲ್ಲ? ಹೋಗಿ ರವೀಶನನ್ನು ಕೇಳಿದರು.

"ಬಿಡಿ ಸಾರ್, ಎಲ್ರೂ ಆರಾಮಾಗಿದಾರೆ," ಎಂದ ರವೀಶ, ಕೈಯಲ್ಲಿದ್ದ ಪಟ್ಟಿಯಿಂದ ಕಣ್ಣೆತ್ತದೆ. "ಡಾಕ್ಟ್ರು ದಿನಾ ಸಂಜೆ ಬಂದು ಗೇಟ್ ಹತ್ರ ಟೇಬಲ್ ಹಾಕ್ಕೊಂಡು ಕೂರ್ತಾರೆ. ಜ್ವರ ಇರೋರು, ಬಸುರಿಯರು ಬನ್ನಿ ಅಂತ ಮೈಕಲ್ಲೇ ಕೂಗಿಸ್ತೀನಿ. ಒಬ್ಬ ಹೆಂಗಸೂ ಬಂದಿಲ್ಲ ಅಂದ್ರೆ ಯಾರಿಗೂ ತೊಂದ್ರೆ ಇಲ್ಲ ಅಂತ ತಾನೇ?"

ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಪರಮಶಿವಯ್ಯನವರು ಮನೆಗೆ ಫೋನ್ ಮಾಡಿದರು. ಹೆಂಡತಿ ಸರ್ವಮಂಗಳಮ್ಮ ಮಂಡಿನೋವು ಶುರುವಾಗುವವರೆಗೂ ಅವರ ಜೊತೆ ಊರೂರಿಗೆ ಬಂದು ಹೋಳಿಗೆ ತಟ್ಟಿದವರು. ಮಜ್ಜಿಗೆಯ ವಿಷಯ ಕೇಳಿ ಆಕೆ ನಕ್ಕರು.

"ಅಲ್ಲಿ ಲೆಟ್ರಿನ್ ಎಲ್ಲೈತೆ?"

"ಅದ್ಕೂ ಮಜ್ಜಿಗೆಗೂ ಏನೇ ಸಂಬಂಧ?"

"ಮೊದ್ಲು ಹೋಗಿ ನೋಡ್ಕಂಬನ್ನಿ. ಕುಡುದ್ರೆ ಒಂದಕ್ಕೆ ಹೋಗ್ಬೇಕಲ್ರೀ. ಛತ್ರದ ಕೆಲಸ ಇದ್ದಾಗ ನಾನೂ ಬೆಳಗಿಂದ ಸಂಜೇವರ್ಗೂ ನೀರು ಕುಡೀತಿರ್ಲಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ಒಲೆ ಊದ್ತಿದ್ರಿ, ನಿಮ್ಗೆ ಗೊತ್ತೇ ಆಗ್ಲಿಲ್ವಾ?"

ಗೊತ್ತಾಗಿರಲಿಲ್ಲ. ಪರಮಶಿವಯ್ಯನವರು ಫೋನ್ ಜೇಬಿಗೆ ಹಾಕಿಕೊಂಡು, ಹೆಂಗಸೊಬ್ಬಳು ಹೋಗಬೇಕಾದ ದಾರಿಯಲ್ಲೇ ನಡೆದು ನೋಡಿದರು. ಹಾಲ್‌ನಿಂದ ಹೊರಬಿದ್ದರೆ ಮೊದಲು ಸಿಗುವುದು ಮೊಬೈಲ್ ಚಾರ್ಜಿಗಿಟ್ಟು ಇಸ್ಪೀಟು ಆಡುವ ಗಂಡಸರ ಗುಂಪು. ಅವರ ಕಾಲು ದಾಟಿಕೊಂಡು ಹಿತ್ತಲಿಗೆ ಹೋದರೆ ಎರಡು ಶೌಚಾಲಯ. ಒಂದಕ್ಕೆ ಬೀಗ, ಕಿಟಕಿಯಲ್ಲಿ ಇಣುಕಿದರೆ ಒಳಗೆ ಪರಿಹಾರದ ರಟ್ಟಿನ ಡಬ್ಬಗಳು. ಇನ್ನೊಂದಕ್ಕೆ ಬಾಗಿಲಿತ್ತು, ಚಿಲಕವಿರಲಿಲ್ಲ. ಇನ್ನೂರಕ್ಕೂ ಹೆಚ್ಚು ಜನರಿಗೆ ಅದೊಂದೇ. ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಅದು ತಾನೇ ತಾನಾಗಿ ಒಂದು ಗೇಣು ತೆರೆದುಕೊಂಡಿತು. ಆ ಸಂದಿನಿಂದ ಇಸ್ಪೀಟಿನವರು ನೆಟ್ಟಗೆ ಕಾಣುತ್ತಿದ್ದರು.

ಅದೇ ಹೊತ್ತಿಗೆ ಗೇಟಿನ ಹತ್ತಿರ ಸ್ಕೂಟಿಯೊಂದು ಬಂದು ನಿಂತಿತು. ಬಂದವಳು ಹರ್ಷಿತಾ, ಆರೋಗ್ಯ ಇಲಾಖೆಯ ಸಿಸ್ಟರ್. ಮನೆ ತುಮಕೂರಿನ ಬಟವಾಡಿಯಲ್ಲಿ, ಕೆಲಸ ಕುಣಿಗಲ್ ಕಡೆಯ ಒಂದು ಹಳ್ಳಿಯಲ್ಲಿ. ನೆರೆಯ ದೆಸೆಯಿಂದ ಹದಿನೈದು ದಿನಕ್ಕೆ ಇತ್ತ ಹಾಕಿದ್ದರು. ಹೊಸಕಟ್ಟೆಪಾಳ್ಯದಲ್ಲಿ ಮೂವರು ಬಸುರಿಯರಿದ್ದಾರೆಂದು ಅವಳ ರಿಜಿಸ್ಟರ್ ಹೇಳುತ್ತಿತ್ತು. ಅವರೆಲ್ಲಿ ಎಂದರೆ ರವೀಶ ಮೈಕ್ ತೋರಿಸಿದ.

ಪರಮಶಿವಯ್ಯನವರು ಅವಳಿಗೆ ಒಂದು ಲೋಟ ಕಾಫಿ ತಂದುಕೊಟ್ಟರು. ಹೇಳಬಹುದೋ ಬಾರದೋ ಎಂದು ಅಳುಕುತ್ತಲೇ ಮಜ್ಜಿಗೆಯ ಕಥೆಯನ್ನೂ ಬಾಗಿಲಿನ ಕಥೆಯನ್ನೂ ಹೇಳಿದರು. ಹರ್ಷಿತಾ ಲೋಟ ಕೆಳಗಿಟ್ಟಳು.

"ಎಷ್ಟು ದಿನದಿಂದ ಹಿಂಗೆ?"

"ನಾನು ನೋಡಿದ್ದು ಮೂರು ದಿನ ಕಣಮ್ಮ."

"ನಾಳೆ ತರಕಾರಿ ಏನು?"

"ಕುಂಬಳಕಾಯಿ. ಯಾಕೆ?"

"ನಾನೂ ಹೆಚ್ಚೋಕೆ ಬರ್ತೀನಿ."

ಮರುದಿನ ಬೆಳಗ್ಗೆ ಹರ್ಷಿತಾ ಬಿಳಿ ಕೋಟು ಚೀಲದಲ್ಲಿಟ್ಟು, ಉಗ್ರಾಣದಲ್ಲಿ ಈಳಿಗೆಮಣೆ ಎಳೆದುಕೊಂಡು ಕೂತಳು. ಕುಂಬಳಕಾಯಿ ಹೆಚ್ಚುವುದು ಅವಳಿಗೆ ಬರುತ್ತಿರಲಿಲ್ಲ. ಅದನ್ನು ನೋಡಿ ಹೆಂಗಸರಿಗೆ ನಗು ಬಂತು. ನಗುವಿನ ಜೊತೆ ಮಾತೂ ಬಂತು. ಪರಮಶಿವಯ್ಯನವರು ಹೊಸ್ತಿಲಾಚೆ ಒಲೆಯ ಹತ್ತಿರ ನಿಂತು ಒಗ್ಗರಣೆಗೆ ಸಾಸಿವೆ ಹುಡುಕುವವರಂತೆ ಕಿವಿಗೊಟ್ಟರು. ಸ್ವಲ್ಪ ಹೊತ್ತು ಹಂಚು, ನೀರು, ಕೊಚ್ಚಿಹೋದ ಕುರಿಗಳ ಮಾತು. ಆಮೇಲೆ ದನಿಗಳು ತಗ್ಗಿದವು. ಒಳಗಿಂದ ಹರ್ಷಿತಾ ಕೂಗಿದಳು: "ಪರಮಶಿವಯ್ಯನೋರೇ, ಬಾಗ್ಲು ಸ್ವಲ್ಪ ಮುಂದಕ್ಕೆ ಹಾಕಿ. ಯಾರನ್ನೂ ಬಿಡ್ಬೇಡಿ. ನೀವೂ ಆ ಕಡೆಗೇ ಇರಿ."

ಬಾಗಿಲು ಹಾಕಿ ಸೌಟು ಹಿಡಿದು ಕಾವಲು ನಿಂತರು. ಉಪ್ಪಿಗೆ ಬಂದ ರವೀಶನನ್ನೂ ಒಳಗೆ ಬಿಡಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಹರ್ಷಿತಾ ಹೊರಬಂದಳು. ಮುಖ ಗಂಭೀರವಾಗಿತ್ತು. "ಹಾಲಲ್ಲಿರೋರೂ ಸೇರಿ ಹತ್ತು ಜನಕ್ಕೆ ಉರಿಮೂತ್ರ. ಒಬ್ರಿಗೆ ಹೆರಿಗೆಯಾಗಿ ಇಪ್ಪತ್ತು ದಿನ, ಹೊಲಿಗೆ ಕೀವಾಗಿದೆ. ಮುಟ್ಟಾದವ್ರು ಹಳೇ ಲುಂಗಿ ಹರ್ಕೊಂಡು ಒದ್ದೆ ಬಟ್ಟೇಲೇ ಕೂತಿದಾರೆ. ಪ್ಯಾಡಿನ ಡಬ್ಬ ಬಂದೇ ಇಲ್ವಾ?"

"ಬಂದಿದೆ," ಎಂದ ರವೀಶ. "ಬಾತ್ರೂಮಲ್ಲಿ ಇಡಿಸಿದೀನಿ. ಬೇಕಾದೋರು ನನ್ನ ಹತ್ರ ಬಂದು ಸೈನ್ ಮಾಡಿ ತಗೋಬೇಕು ಅಂತ..." ಹೇಳುತ್ತಾ ಹೇಳುತ್ತಾ ಮಾತು ನಿಲ್ಲಿಸಿದ. ಬೆಳಗ್ಗೆ ಹಾಲ್‌ನ ನಡುವೆ ಕುರ್ಚಿ ಹಾಕಿಕೊಂಡು ತಾನು ಸೈನ್ ಹಾಕಿಸುವ ಜಾಗ ಅವನ ಕಣ್ಣ ಮುಂದೆ ಬಂದಿರಬೇಕು. ಕೀಲಿಗೊಂಚಲು ತೆಗೆದು ಹರ್ಷಿತಾಳ ಕೈಗಿಟ್ಟ.

ಅಷ್ಟರಲ್ಲಿ ಒಳಗಿಂದ ಬಸವಲಿಂಗಮ್ಮನ ದನಿ ಕೇಳಿತು. "ಸಿಸ್ಟರಮ್ಮ, ಇಲ್ ಬರ್ರವ್ವಾ!"

ಬಸವಲಿಂಗಮ್ಮನ ಸೊಸೆ ಪಲ್ಲವಿ, ಅಷ್ಟು ಹೊತ್ತೂ ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದವಳು, ಈಗ ಗೋಡೆಗೆ ಒರಗಿದ್ದಳು. ಏಳು ತಿಂಗಳ ಬಸುರಿ. ಪಕ್ಕದ ಒಲೆಯ ಕಾವು ಗೋಡೆಯಲ್ಲಿದ್ದರೂ ಹಲ್ಲು ಕಟಕಟನೆ ನಡುಗುತ್ತಿತ್ತು. ಹರ್ಷಿತಾ ಜ್ವರ ನೋಡಿದಳು, ನೂರಾ ಮೂರು. ಹೊಟ್ಟೆಯ ಮೇಲೆ ಅಂಗೈ ಇಟ್ಟು ಗಡಿಯಾರ ನೋಡುತ್ತಾ ಕೂತಳು.

"ಸೊಂಟ ಎಷ್ಟೊತ್ತಿಂದ ನೋಯ್ತಿದೆ ಪಲ್ಲವಿ?"

"ನಿನ್ನೆಯಿಂದ ಅಕ್ಕ. ಒಂದಕ್ಕೆ ಹೋದ್ರೆ ಉರಿ. ಅದ್ಕೇ ಕುಡಿಯೋದೇ ಬಿಟ್ಟೆ. ತಾಯಿ ಕಾರ್ಡೂ ನೀರಲ್ಲಿ ಹೋಯ್ತು. ಕಾರ್ಡಿಲ್ದೆ ಆಸ್ಪತ್ರೇಲಿ ನೋಡಲ್ಲ ಅಂದ್ಕಂಡೆ."

"ಸುಡುಗಾಡು ಕಾರ್ಡು! ಯಾರ್ ಹೇಳಿದ್ದು ನಿಂಗೆ?"

ಬಸವಲಿಂಗಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. "ನಾನೇ ಅವ್ವಾ ಸುಮ್ನಿರು ಅಂದೋಳು. ಬಸುರಿ ಅಂದ್ಮೇಲೆ ಸೊಂಟನೋವು ಇರೋದೇ ಅಂದ್ಬುಟ್ಟೆ. ಅಷ್ಟು ಗಂಡಸ್ರ ಮುಂದೆ ಮೈಕಲ್ಲಿ ಹೆಸ್ರು ಕೂಗ್ಸಿ, ಆ ಡಾಕ್ಟ್ರಿಗೆ ಏನಂತ ಹೇಳ್ಸದು?"

ಹೊಟ್ಟೆ ಹತ್ತು ನಿಮಿಷಕ್ಕೊಮ್ಮೆ ಬಿಗಿಯಾಗುತ್ತಿತ್ತು. ಸೋಂಕಿಗೆ ಹೀಗಾಗುತ್ತಿದೆ, ಈಗಲೇ ಹೋದರೆ ಹೆರಿಗೆ ನೋವು ನಿಲ್ಲಿಸಬಹುದು ಎಂದಳು ಹರ್ಷಿತಾ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಹೊರಟು ಬಂತು, ಆದರೆ ರೈಲ್ವೆ ಅಂಡರ್‌ಪಾಸಿನಲ್ಲಿ ಎದೆಮಟ್ಟ ನೀರು ನಿಂತು ಆಚೆಯೇ ಉಳಿಯಿತು. ಸುತ್ತಿಕೊಂಡು ಬರಲು ಒಂದು ಗಂಟೆ ಬೇಕು.

ಪರಮಶಿವಯ್ಯನವರು ತಮ್ಮ ಲಗೇಜ್ ಆಟೋದಿಂದ ಪಾತ್ರೆಗಳನ್ನೆಲ್ಲ ದಡದಡ ಇಳಿಸಿ, ಜಮಖಾನ ನಾಲ್ಕು ಮಡಿಕೆ ಮಾಡಿ ಹಾಸಿದರು. ಹರ್ಷಿತಾ, ಬಸವಲಿಂಗಮ್ಮ ಅತ್ತಿತ್ತ ಕೂತು ಪಲ್ಲವಿಯನ್ನು ಹಿಡಿದುಕೊಂಡರು. ರೈಲು ಹಳಿಯವರೆಗೆ ಆಟೋ ಹೋಯಿತು, ಅದರ ಹಿಂದೆಯೇ ರವೀಶನ ಬೈಕು. ಅಲ್ಲಿಂದ ಮುಂದೆ, ಛತ್ರದ ಕುರ್ಚಿಯೊಂದರಲ್ಲಿ ಪಲ್ಲವಿಯನ್ನು ಕೂರಿಸಿ, ಒಂದು ಕಡೆ ಅವಳ ಗಂಡ ನಾಗೇಶ, ಇನ್ನೊಂದು ಕಡೆ ಪರಮಶಿವಯ್ಯ ಎತ್ತಿಕೊಂಡರು. ರವೀಶ ಹಳಿಯ ಮೇಲೆ ನಿಂತು ಎರಡೂ ದಿಕ್ಕಿಗೆ ನೋಡಿ "ಬನ್ನಿ, ಬನ್ನಿ" ಎಂದು ಕೈ ಮಾಡಿದ. ಜಲ್ಲಿಕಲ್ಲಿನ ಮೇಲೆ ಕಾಲು ಜಾರುತ್ತಿತ್ತು. ಅಕ್ಕಿ ಮೂಟೆ ಹೊತ್ತು ಪಳಗಿದ ಪರಮಶಿವಯ್ಯನವರಿಗೂ ಆ ಇಪ್ಪತ್ತು ಹೆಜ್ಜೆಯಲ್ಲಿ ಬೆವರಿಳಿಯಿತು. ಆಚೆ ಆಂಬುಲೆನ್ಸ್ ಬಾಗಿಲು ತೆರೆದು ನಿಂತಿತ್ತು.

ಗುಬ್ಬಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಡ್ರಿಪ್ ಹಾಕಿ, ಅಲ್ಲಿಂದ ತುಮಕೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಸಂಜೆ ಹರ್ಷಿತಾ ಫೋನ್ ಮಾಡಿ "ಬಿಗಿಯೋದು ನಿಂತಿದೆ, ಮಗು ಚೆನ್ನಾಗಿದೆ" ಎಂದಾಗ ಪರಮಶಿವಯ್ಯನವರು ಅನ್ನ ಬಸಿಯುತ್ತಿದ್ದರು. ಉಗ್ರಾಣದ ಬಾಗಿಲಿಗೆ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದರು.

ಮುಂದಿನ ದಿನಗಳಲ್ಲಿ ಕೇಂದ್ರ ಸ್ವಲ್ಪ ಬದಲಾಯಿತು. ಬೀಗ ಹಾಕಿದ್ದ ಶೌಚಾಲಯ ಖಾಲಿಯಾಗಿ ಹೆಂಗಸರಿಗೇ ಆಯಿತು. ಎರಡಕ್ಕೂ ಚಿಲಕ ಬಂತು, ದಾರಿಗೆ ಬಲ್ಬು ಬಂತು, ಇಸ್ಪೀಟಿನವರು ಗೇಟಿನ ಕಡೆಗೆ ಎದ್ದು ಹೋಗಬೇಕಾಯಿತು. ಮೈಕಿನ ಕೂಗು ನಿಂತಿತು. ಹರ್ಷಿತಾ ದಿನವೂ ಬೆಳಗ್ಗೆ ಎರಡು ಗಂಟೆ ಹೊತ್ತು ಉಗ್ರಾಣದಲ್ಲಿ ಕೂರುತ್ತಿದ್ದಳು. ತರಕಾರಿ ಹೆಚ್ಚಲು ಬರುವವರ ಸಂಖ್ಯೆ ಏಳೆಂಟರಿಂದ ಮೂವತ್ತಕ್ಕೆ ಏರಿತು. ಪ್ಯಾಡು, ಮಾತ್ರೆ, ನಿರೋಧು ಎಲ್ಲವೂ ಈರುಳ್ಳಿ ಮೂಟೆಯ ಪಕ್ಕದ ಒಂದು ಬುಟ್ಟಿಯಲ್ಲಿದ್ದವು. ಬೇಕಾದವರು ಯಾರನ್ನೂ ಕೇಳದೆ ತೆಗೆದುಕೊಂಡು ಹೋಗಬಹುದಿತ್ತು. "ಉಗ್ರಾಣದಲ್ಲಿ ಕ್ಲಿನಿಕ್ ಅಂತ ರಿಪೋರ್ಟಲ್ಲಿ ಹೆಂಗೆ ಬರೀಲಿ?" ಎಂದು ರವೀಶ ತಲೆ ಕೆರೆದುಕೊಂಡ. ಕೊನೆಗೆ ಹಾಗೇ ಬರೆದ.

ಒಂದು ದಿನ ಒಬ್ಬಾಕೆ ಅಳುತ್ತಾ ಒಳಗೆ ಹೋಗಿ, ಅರ್ಧ ಗಂಟೆಯ ಮೇಲೆ ಮುಖ ತೊಳೆದುಕೊಂಡು ಹಗುರಾಗಿ ಹೊರಬಂದಳು. ಪರಮಶಿವಯ್ಯನವರಿಗೆ ತಡೆಯಲಾಗಲಿಲ್ಲ. "ಏನಂತಮ್ಮ ಆಯಮ್ಮಂಗೆ?"

"ಅದು ಆಯಮ್ಮನ ವಿಷ್ಯ, ನಿಮಗ್ಯಾಕೆ?" ಎಂದಳು ಹರ್ಷಿತಾ, ನಗುತ್ತಲೇ.

ಅವರಿಗೆ ಮುಖ ಬಿಸಿಯಾಯಿತು. ಹೌದಲ್ಲ ಎನಿಸಿ ಬೇಳೆ ಕಲಕಲು ಹೋದರು.

ಹನ್ನೆರಡನೆಯ ದಿನ ಕೇಂದ್ರ ಮುಚ್ಚಿತು. ಪಲ್ಲವಿ ಆಸ್ಪತ್ರೆಯಿಂದ ನೇರ ತವರಿಗೆ ಹೋದಳೆಂದು ನಾಗೇಶ ಹೇಳಿದ. ಡಿಸೆಂಬರ್ ಕೊನೆಗೆ, ದಿನ ತುಂಬಿ, ಗುಬ್ಬಿಯಲ್ಲೇ ಹೆರಿಗೆಯಾಯಿತು. ಹೆಣ್ಣುಮಗು. ಬಸವಲಿಂಗಮ್ಮ ತಾನೇ ಫೋನ್ ಮಾಡಿ, "ಎರಡೂ ಮುಕ್ಕಾಲು ಕೇಜಿ ಸ್ವಾಮಿ" ಎಂದು ಕೂಗಿ ಹೇಳಿದಳು.

ಆ ದಿನ ಸಂಜೆ ಪರಮಶಿವಯ್ಯನವರು ಮನೆಯಲ್ಲೇ ಇದ್ದರು. ಹೆಂಡತಿ ಜಗಲಿಯಲ್ಲಿ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. ಇವರು ಎಣ್ಣೆ ಬಟ್ಟಲು ಇಸಿದುಕೊಂಡು ಪಕ್ಕ ಕೂತರು.

"ಮಂಗಳಾ, ನೀರು ಕುಡೀತಿರ್ಲಿಲ್ಲ ಅಂದ್ಯಲ್ಲ. ನಂಗೆ ಗೊತ್ತಿಲ್ದೇ ಇರೋದು ಇನ್ನೇನೈತೆ?"

"ಈಗ್ಯಾಕೆ ಅದೆಲ್ಲ, ಬುಡಿ."

"ತಿಳ್ಕಬೇಕು ಅಂತ ಕೇಳ್ತಿದೀನಿ ಕಣೇ. ಹೇಳೋಕೆ ಇಷ್ಟ ಇಲ್ದಿದ್ರೆ ಬ್ಯಾಡ."

ಸರ್ವಮಂಗಳಮ್ಮ ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. "ಕುಣಿಗಲ್ ಮದ್ವೆ ನೆಪ್ಪೈತಾ? ಎರಡು ಸಾವಿರ ಎಲೆ ಬಿತ್ತಲ್ಲ, ಅದು. ಜ್ವರ ಅಂತ ಹೇಳಿ ಅಮ್ಮನ ಮನೆಗೆ ಹೋದ್ನಲ್ಲ. ಜ್ವರ ಅಲ್ಲ. ಮೂರು ತಿಂಗಳಾಗಿತ್ತು. ನಿಮ್ಗೆ ಇನ್ನೂ ಹೇಳಿರ್ಲಿಲ್ಲ. ಹೋಳಿಗೆ ತಟ್ತಾ ಇದ್ದಂಗೇ ಹೋಯ್ತು. ಛತ್ರದ ತುಂಬ ಜನ, ಯಾರ್ಗ್ ಹೇಳದು? ಆಸ್ಪತ್ರೆಗೂ ಹೋಗ್ಲಿಲ್ಲ."

ಪರಮಶಿವಯ್ಯನವರಿಗೆ ಆ ಮದುವೆಯ ಹೋಳಿಗೆ ನೆನಪಿತ್ತು, ಬೀಗರು ಹೊಗಳಿದ್ದು ನೆನಪಿತ್ತು. ಆ ದಿನ ಹೆಂಡತಿಯ ಮುಖ ಹೇಗಿತ್ತು ಎಂಬುದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

"ಆಮೇಲೆ?" ಎಂದರು, ಮೆಲ್ಲಗೆ.

ಸರ್ವಮಂಗಳಮ್ಮ ಕಾಲು ನೀಡಿಕೊಂಡು, ಮೊದಲಿನಿಂದ ಹೇಳತೊಡಗಿದರು.